ಮೇಡಂ ನೋಟ್ಸಾ, ಟಾಪರ್ ನೋಟ್ಸಾ? ಸೆಮಿಸ್ಟರ್ ಪರೀಕ್ಷೆಗೆ ಯಾವ ದಾರಿ ಹಿಡಿಯೋದು

ಪರೀಕ್ಷೆಗೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಯಾವುದಾದರೂ ಡಿಗ್ರಿ ಕಾಲೇಜಿನ ಎದುರಿಗಿರುವ ಜೆರಾಕ್ಸ್ ಅಂಗಡಿ ಹತ್ತಿರ ಹೋಗಿ ನಿಲ್ಲಿ. "ಅಣ್ಣಾ, ಎಕನಾಮಿಕ್ಸ್ ಮೂರನೇ ಸೆಮ್ ನೋಟ್ಸ್ ಇದೆಯಾ?" "ಯಾರದ್ದು ಬೇಕು? ಮೇಡಂದಾ, ಟಾಪರ್‌ದಾ?" ಮೇಡಂ ನೋಟ್ಸ್ ನೂರಿಪ್ಪತ್ತು ಪುಟ. ಟಾಪರ್‌ದು ನಲವತ್ತೇ ಪುಟ. ಹುಡುಗ ಎರಡು ನಿಮಿಷ ಯೋಚನೆ ಮಾಡಿ ಎರಡನ್ನೂ ತೆಗೆಸಿಕೊಂಡು ಹೋಗುತ್ತಾನೆ. ಅಲ್ಲಿಗೆ ಅರ್ಧ ಓದಿ ಮುಗಿಸಿದಷ್ಟು ಸಮಾಧಾನ.

ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಪಾಠ ಮಾಡುವುದು ಅರ್ಥಶಾಸ್ತ್ರ. ಮೌಲ್ಯಮಾಪನಕ್ಕೂ ಹೋಗುತ್ತೇನೆ. ಆದರೆ ಈ ವಿಷಯ ಮಾತಾಡುವ ಅರ್ಹತೆ ನನಗೆ ಬಂದದ್ದು ಅದರಿಂದಲ್ಲ, ಬಿ.ಎ.ಯಲ್ಲಿ ನಾನೇ ಒಂದು ಪೇಪರ್ ಡುಮ್ಕಿ ಹೊಡೆದದ್ದರಿಂದ. ಸಂಖ್ಯಾಶಾಸ್ತ್ರ. ಪುಸ್ತಕ ಮೂರು ಸಲ ಓದಿದ್ದೆ. ಹಳದಿ ಮಾರ್ಕರ್ ಹಾಕಿ ಹಾಕಿ ಪುಟವೆಲ್ಲ ಅರಿಶಿನ ಮೆತ್ತಿದ ಹಾಗಾಗಿತ್ತು. ಹಾಲ್‌ನಲ್ಲಿ ಕಾರ್ಲ್ ಪಿಯರ್ಸನ್‌ನ ಸಹಸಂಬಂಧ ಗುಣಾಂಕದ ಲೆಕ್ಕ ಬಂತು, ಅಂದರೆ ಎರಡು ಸಂಗತಿಗಳ ನಡುವೆ ನಂಟು ಎಷ್ಟು ಅಂತ ಅಳೆಯುವ ಲೆಕ್ಕ. ಖುಷಿಯಿಂದ ಟೇಬಲ್ ಹಾಕಿದೆ. ಎಕ್ಸ್, ವೈ, ಅವುಗಳ ವಿಚಲನೆ ಅಂತ ನಾಲ್ಕು ಕಾಲಂ ಎಳೆದೆ. ಐದನೇ ಕಾಲಂನ ತಲೆಯ ಮೇಲೆ ಏನು ಬರೆಯಬೇಕು ಅನ್ನುವುದು ಮರೆತು ಹೋಯಿತು. ಪುಟ ಕಣ್ಣ ಮುಂದೆ ಇದೆ, ಹಳದಿ ಬಣ್ಣ ಕಾಣುತ್ತಿದೆ, ಅಕ್ಷರ ಮಾತ್ರ ಕಾಣುತ್ತಿಲ್ಲ.

ಮೂರು ಸಲ ಓದಿದ್ದೆ ನಿಜ. ಒಂದೇ ಒಂದು ಸಲ ಪುಸ್ತಕ ಮುಚ್ಚಿ ಆ ಟೇಬಲ್ ಹಾಕಿರಲಿಲ್ಲ. ಹಾಲ್‌ನಲ್ಲಿ ಕೇಳುವುದು ಅದೊಂದನ್ನೇ ಅಲ್ವಾ? ಹಾಗಾಗಿ ಕೆಳಗಿನ ಎಲ್ಲ ಹೋಲಿಕೆಗೂ ನನ್ನ ಅಳತೆಗೋಲು ಒಂದೇ. ಈ ದಾರಿ ಹಿಡಿದರೆ ನೋಡದೆ ಬರೆಯುವ ಕೆಲಸ ಎಷ್ಟು ಆಗುತ್ತದೆ?

ಓದುವ ಮೊದಲು ನಿಮ್ಮ ಪೇಪರ್ ಎಂಥದ್ದು ನೋಡಿ

ಕರ್ನಾಟಕದ ಡಿಗ್ರಿ ಪರೀಕ್ಷೆಗಳ ಲೆಕ್ಕ ಕೆಲವೇ ವರ್ಷಗಳಲ್ಲಿ ಎರಡು ಸಲ ಬದಲಾಗಿದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂತು, ನಾಲ್ಕು ವರ್ಷದ ಡಿಗ್ರಿ ಬಂತು. ಆಗ ಸಾಮಾನ್ಯವಾಗಿ ಪರೀಕ್ಷೆಗೆ 60 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 40. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂತು. ಈಗ ಪರೀಕ್ಷೆಗೆ 80, ಇಂಟರ್ನಲ್ಸ್‌ಗೆ 20. ನೋಡಲು ಸಣ್ಣ ಬದಲಾವಣೆ. ಆದರೆ ಮೊದಲು ಅಸೈನ್‌ಮೆಂಟು, ಸೆಮಿನಾರು, ಟೆಸ್ಟು ಅಂತ 40ರಲ್ಲಿ 35 ಹೊಂದಿಸಿಕೊಂಡವರು ಪರೀಕ್ಷೆಯಲ್ಲಿ ಸ್ವಲ್ಪ ಎಡವಿದರೂ ಬಚಾವಾಗುತ್ತಿದ್ದರು. ಈಗ ಆ ಮೆತ್ತೆ ಅರ್ಧ ತೆಳುವಾಗಿದೆ. ಭಾರವೆಲ್ಲ ಆ ಒಂದು ದಿನದ ಬರವಣಿಗೆಯ ಮೇಲೆ.

ಇದರಿಂದ ಇನ್ನೊಂದು ತಾಪತ್ರಯವೂ ಇದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಹಳೆಯ ಪ್ರಶ್ನೆಪತ್ರಿಕೆ 60 ಅಂಕದ್ದಾಗಿದ್ದರೆ ಅದರ ಭಾಗಗಳು, ಆಯ್ಕೆಗಳು ಎಲ್ಲ ಬೇರೆ. ಸಿಲಬಸ್ಸೂ ಬೇರೆ ಇರಬಹುದು. ಪೇಪರ್ ತೆಗೆದುಕೊಂಡ ತಕ್ಷಣ ಮೇಲಿನ ಮೂಲೆಯಲ್ಲಿ ವರ್ಷ ಮತ್ತು ಗರಿಷ್ಠ ಅಂಕ ನೋಡಿ. ಆಮೇಲೆ ದುಡ್ಡು ಕೊಡಿ.

ಇಂಜಿನಿಯರಿಂಗ್ ಹುಡುಗರ ಲೆಕ್ಕವೇ ಬೇರೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ಅಂದರೆ ವಿಟಿಯುನಲ್ಲಿ, ಥಿಯರಿ ಪೇಪರ್ 100 ಅಂಕಕ್ಕೆ, ಮೂರು ಗಂಟೆ. ಐದು ಮಾಡ್ಯೂಲ್, ಅಂದರೆ ಸಿಲಬಸ್‌ನ ಐದು ಭಾಗ. ಪ್ರತಿ ಮಾಡ್ಯೂಲ್‌ನಿಂದ ಎರಡು ದೊಡ್ಡ ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು, ಒಂದೊಂದಕ್ಕೂ 20 ಅಂಕ. 2022ರ ಸ್ಕೀಮ್‌ನಲ್ಲಿ ಆ ನೂರನ್ನು 50ಕ್ಕೆ ಇಳಿಸುತ್ತಾರೆ, ಉಳಿದ 50 ಸಿಐಇ, ಅಂದರೆ ಕಾಲೇಜೇ ಕೊಡುವ ಇಂಟರ್ನಲ್ಸ್ ಅಂಕ. ಪಾಸಾಗಲು ಸಿಐಇಯಲ್ಲಿ 20, ಪರೀಕ್ಷೆಯಲ್ಲಿ 18, ಎರಡೂ ಸೇರಿ 40 ಬೇಕು. ಈ ಕೊನೆಯ ಸಾಲನ್ನು ಬಹಳ ಜನ ಓದುವುದೇ ಇಲ್ಲ. ಸಿಐಇಯಲ್ಲಿ ಸರಿಯಾಗಿ 20, ಪರೀಕ್ಷೆಯಲ್ಲಿ ಸರಿಯಾಗಿ 18 ತೆಗೆದರೆ ಒಟ್ಟು 38. ಎರಡರಲ್ಲೂ ಪಾಸು, ಸಬ್ಜೆಕ್ಟ್‌ನಲ್ಲಿ ಫೇಲು.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಮಾಡ್ಯೂಲ್ ಬಿಡಬಹುದಾ? ಮೂರನ್ನು ಗಟ್ಟಿ ಮಾಡಿ ಎರಡನ್ನು ಬಿಡುವುದು ಒಂದು ದಾರಿ. ಐದನ್ನೂ ಅರ್ಧರ್ಧ ನೋಡುವುದು ಇನ್ನೊಂದು. ಮೂರು ಮಾಡ್ಯೂಲ್‌ನಲ್ಲಿ ತಲಾ 14 ಬಂದರೆ 42. ಐದರಲ್ಲಿ ತಲಾ 8 ಬಂದರೆ 40. ಕಾಗದದ ಮೇಲೆ ಎರಡೂ ಒಂದೇ. ಆದರೆ ಮೂರರಲ್ಲಿ ಒಂದು ಮಾಡ್ಯೂಲ್‌ನ ಎರಡೂ ಪ್ರಶ್ನೆ ತಿರುಚಿ ಬಂದವು ಅಂತಿಟ್ಟುಕೊಳ್ಳಿ. 42 ಇದ್ದದ್ದು 28. ಕಥೆ ಮುಗಿಯಿತು. ಅರ್ಧರ್ಧ ಓದಿದವನಿಗೂ ಒಂದು ಕಷ್ಟ ಇದೆ. ಒಂದು ಪ್ರಶ್ನೆಯ ಎ ಭಾಗ, ಇನ್ನೊಂದರ ಬಿ ಭಾಗ ಅಂತ ಸೇರಿಸಿ ಬರೆಯುವ ಹಾಗಿಲ್ಲ. ಓದಿದ ಅರ್ಧ ಎರಡು ಪ್ರಶ್ನೆಗೂ ಹಂಚಿಹೋಗಿದ್ದರೆ ಯಾವುದೂ ಪೂರ್ತಿ ಬರುವುದಿಲ್ಲ. ನನ್ನನ್ನು ಕೇಳಿದರೆ ಒಂದೇ ಒಂದು ಮಾಡ್ಯೂಲ್ ಬಿಡಿ, ನಾಲ್ಕನ್ನು ಹಿಡಿಯಿರಿ. ಯಾವುದು ಬಿಡಬೇಕು ಅನ್ನುವುದನ್ನು ಮಾತ್ರ ಹಳೆಯ ಪೇಪರ್ ನೋಡಿ ನಿರ್ಧರಿಸಿ. "ಐದನೇ ಮಾಡ್ಯೂಲ್ ಕೊನೆಗಿದೆ, ಸುಮ್ನೆ ಬಿಡೋಣ" ಅನ್ನಬೇಡಿ. ಕೊನೆಯಲ್ಲಿ ಇದ್ದ ಮಾತ್ರಕ್ಕೆ ಕಷ್ಟ ಅಂತೇನಿಲ್ಲ. ಎಷ್ಟೋ ಸಲ ಅದೇ ಸುಲಭದ್ದು.

ಹಳೆಯ ಪೇಪರ್ ಹುಡುಕುವಾಗ ಸಬ್ಜೆಕ್ಟ್ ಕೋಡ್ ನೋಡಿಕೊಳ್ಳಿ. 18ರಿಂದಲೋ 21ರಿಂದಲೋ ಶುರುವಾದರೆ ಹಿಂದಿನ ಸ್ಕೀಮ್. 2022ರದ್ದಕ್ಕೆ ಮೊದಲು ಬಿ ಅಕ್ಷರ ಇರುತ್ತದೆ.

ಟೆಕ್ಸ್ಟ್‌ಬುಕ್, ಕ್ಲಾಸ್ ನೋಟ್ಸ್, ಜೆರಾಕ್ಸ್, ಯೂಟ್ಯೂಬ್

ಟೆಕ್ಸ್ಟ್‌ಬುಕ್ ಎಲ್ಲಕ್ಕಿಂತ ಒಳ್ಳೆಯದು ಅಂತ ಎಲ್ಲ ಮೇಷ್ಟ್ರೂ ಹೇಳುತ್ತಾರೆ. ನಾನೂ ಕ್ಲಾಸಿನಲ್ಲಿ ಹೇಳುತ್ತೇನೆ. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪರೀಕ್ಷೆಗೆ ಎರಡು ತಿಂಗಳಿದ್ದರೆ ಟೆಕ್ಸ್ಟ್‌ಬುಕ್ಕಿಗೆ ಸಾಟಿ ಇಲ್ಲ. ಯಾಕೆ, ಹೇಗೆ ಅನ್ನುವುದು ಅಲ್ಲಿ ಮಾತ್ರ ಇರುತ್ತದೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೂ ಕೈ ಓಡುತ್ತದೆ. ಆದರೆ ಎಂಟು ದಿನ ಉಳಿದಾಗ ಐನೂರು ಪುಟದ ಪುಸ್ತಕ ಮೊದಲ ಪುಟದಿಂದ ಶುರು ಮಾಡುವವನು ಎರಡನೇ ಅಧ್ಯಾಯದಲ್ಲೇ ಪರೀಕ್ಷೆಗೆ ಹೋಗುತ್ತಾನೆ.

ಕ್ಲಾಸ್ ನೋಟ್ಸ್‌ಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಗುಣ ಇದೆ. ಅದು ನಿಮ್ಮ ಕೈಬರಹ. ಬರೆಯುವಾಗ ಕಿಟಕಿ ಆಚೆ ಮಳೆ ಬರುತ್ತಿತ್ತು, ಸರ್ ಈರುಳ್ಳಿ ರೇಟಿನ ಉದಾಹರಣೆ ಕೊಟ್ಟಿದ್ದರು, ಇವೆಲ್ಲ ಅದರ ಜೊತೆ ನೆನಪಾಗುತ್ತವೆ. ಇಂಟರ್ನಲ್ಸ್ ಪ್ರಶ್ನೆ ತೆಗೆಯುವವರೂ ಅದೇ ಸರ್. ಹಾಗಾಗಿ ಇಂಟರ್ನಲ್ಸ್‌ಗೆ ಇದೇ ಸಾಕು. ಆದರೆ ಸೆಮಿಸ್ಟರ್ ಪೇಪರ್ ತೆಗೆಯುವವರು ಬೇರೆ. ನಿಮ್ಮ ಸರ್ ಬಿಟ್ಟುಹೋದ ಭಾಗ ಅವರಿಗೆ ಗೊತ್ತಿರುವುದಿಲ್ಲ. ನೋಟ್ಸ್ ಪಕ್ಕದಲ್ಲಿ ಸಿಲಬಸ್ ಇಟ್ಟುಕೊಂಡು ಬಿಟ್ಟುಹೋದದ್ದಕ್ಕೆ ಗುರುತು ಹಾಕಿ. ಹತ್ತು ನಿಮಿಷದ ಕೆಲಸ.

ಇನ್ನು ಟಾಪರ್ ನೋಟ್ಸ್. ಇದರ ಬಗ್ಗೆ ನನಗೆ ಸ್ವಲ್ಪ ಅನುಮಾನ. ಟಾಪರ್ ಆ ನಲವತ್ತು ಪುಟ ಬರೆಯುವಾಗ ನಾನೂರು ಪುಟ ಓದಿದ್ದಳು. ಅವಳಿಗೆ "ಬೆಲೆ, ಆದಾಯ, ಅಡ್ಡ" ಅಂತ ಮೂರು ಪದ ಸಾಕು, ಮೂರು ಪುಟ ನೆನಪಾಗುತ್ತದೆ. ನಿಮಗೆ ಅದು ಮೂರು ಪದ ಅಷ್ಟೆ. ಇನ್ನೊಬ್ಬರು ಊಟ ಮಾಡಿದರೆ ನಮ್ಮ ಹೊಟ್ಟೆ ತುಂಬುತ್ತದಾ? ಮೇಡಂ ನೋಟ್ಸ್ ಪರವಾಗಿಲ್ಲ, ಅದರಲ್ಲಿ ವಿವರಣೆ ಇರುತ್ತದೆ. ಆದರೆ ಅದೂ 2024ಕ್ಕೆ ಮುಂಚಿನ ಸಿಲಬಸ್‌ನದ್ದಾಗಿರಬಹುದು. ಜೊತೆಗೆ, ಜೆರಾಕ್ಸ್‌ನ ಜೆರಾಕ್ಸ್‌ನಲ್ಲಿ ಮೈನಸ್ ಚಿಹ್ನೆ ಅಳಿಸಿಹೋಗಿರುತ್ತದೆ. ನಗಬೇಡಿ. ಒಂದು ವರ್ಷ ಒಂದು ರೂಮಿನ ಹುಡುಗರೆಲ್ಲ ಒಂದೇ ಸೂತ್ರದಲ್ಲಿ ಒಂದೇ ಮೈನಸ್ ಬಿಟ್ಟು ಬರೆದದ್ದನ್ನು ತಿದ್ದಿದ್ದೇನೆ.

ಯೂಟ್ಯೂಬ್ ಲೆಕ್ಕಕ್ಕೆ ಒಳ್ಳೆಯದು, ಥಿಯರಿಗೆ ಅಷ್ಟಕ್ಕಷ್ಟೆ. ಲೆಕ್ಕದಲ್ಲಿ ಎಲ್ಲಿ ಸಿಕ್ಕಿಹಾಕಿಕೊಂಡಿರೋ ಅಲ್ಲಿಗೆ ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಬಹುದು. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಇಂಜಿನಿಯರಿಂಗ್‌ನವರಿಗೆ ಪುಕ್ಕಟೆ ನಿಧಿ. ಆದರೆ ಅವು ಸೆಮಿಸ್ಟರ್ ಶುರುವಿನಲ್ಲಿ ನೋಡುವಂಥವು, ಪರೀಕ್ಷೆಯ ಹಿಂದಿನ ವಾರದಲ್ಲಲ್ಲ. ಥಿಯರಿ ವಿಡಿಯೋ ನೋಡುವಾಗ ತಲೆ ಅಲ್ಲಾಡಿಸುತ್ತಾ ಕೂರುತ್ತೇವೆ, ಎಲ್ಲ ಗೊತ್ತಾದ ಹಾಗೇ ಅನ್ನಿಸುತ್ತದೆ. ವಿಡಿಯೋ ನಿಲ್ಲಿಸಿ ನಾಲ್ಕು ಸಾಲು ಬರೆಯಿರಿ ನೋಡೋಣ.

ಚಾಟ್‌ಜಿಪಿಟಿಯಲ್ಲಿ ಉತ್ತರ ಬರೆಸಿ ಬಾಯಿಪಾಠ ಮಾಡುವವರು ಈಗ ಜಾಸ್ತಿ. ಅದು ಆತ್ಮವಿಶ್ವಾಸದಿಂದ ತಪ್ಪು ಸೂತ್ರವನ್ನೂ ಹೇಳಬಲ್ಲದು. ಪುಸ್ತಕದ ಜೊತೆ ತಾಳೆ ನೋಡದೆ ನಂಬಬೇಡಿ. ಅದರಿಂದ ಉತ್ತರ ಕೇಳುವ ಬದಲು ಪ್ರಶ್ನೆ ಕೇಳಿಸಿಕೊಳ್ಳಿ. "ಈ ಘಟಕದ ಮೇಲೆ ಐದು ಅಂಕದ ಹತ್ತು ಪ್ರಶ್ನೆ ಕೊಡು" ಅಂದರೆ ಕೊಡುತ್ತದೆ. ಆ ಕೆಲಸಕ್ಕೆ ಚೆನ್ನಾಗಿದೆ.

ಮತ್ತೆ ಮತ್ತೆ ಓದುವುದಾ, ಮುಚ್ಚಿಟ್ಟು ಬರೆಯುವುದಾ

ಎಲ್ಲಕ್ಕಿಂತ ದೊಡ್ಡ ಹೋಲಿಕೆ ಇದು. ಉಳಿದದ್ದೆಲ್ಲ ಇದರ ಮುಂದೆ ಚಿಲ್ಲರೆ.

2006ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು, ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ, ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಸೂರ್ಯನ ಬಗ್ಗೆ, ಸಮುದ್ರದ ನೀರುನಾಯಿಗಳ ಬಗ್ಗೆ ಸಣ್ಣ ಪಾಠ ಕೊಟ್ಟರು. ಒಂದನ್ನು ಎರಡು ಸಲ ಓದಬೇಕು. ಇನ್ನೊಂದನ್ನು ಒಂದು ಸಲ ಓದಿ, ಆಮೇಲೆ ನೋಡದೆ ನೆನಪಿದ್ದಷ್ಟು ಬರೆಯಬೇಕು. ಐದು ನಿಮಿಷದ ನಂತರ ಪರೀಕ್ಷೆ ಮಾಡಿದಾಗ ಎರಡು ಸಲ ಓದಿದ್ದೇ ಗೆದ್ದಿತು. ಅದರಲ್ಲಿ ಶೇ. 81 ನೆನಪಿತ್ತು, ಬರೆದದ್ದರಲ್ಲಿ ಶೇ. 75. ಒಂದು ವಾರ ಬಿಟ್ಟು ಕೇಳಿದಾಗ ತಲೆಕೆಳಗು. ಸುಮ್ನೆ ಓದಿದ್ದು ಶೇ. 42ಕ್ಕೆ ಕುಸಿದಿತ್ತು, ಓದಿ ಬರೆದದ್ದು ಶೇ. 56ರಲ್ಲಿ ನಿಂತಿತ್ತು.

ಈ ಎರಡು ಸಾಲಿನಲ್ಲಿ ನನ್ನ ಹಳದಿ ಮಾರ್ಕರ್ ಕಥೆ ಪೂರ್ತಿ ಇದೆ. ಓದಿ ಮುಗಿಸಿದ ಐದು ನಿಮಿಷಕ್ಕೆ ಎಲ್ಲ ಬರುತ್ತದೆ. ಹಾಗಾಗಿ "ಈ ಚಾಪ್ಟರ್ ಆಯ್ತು" ಅಂತ ಟಿಕ್ ಹಾಕುತ್ತೇವೆ. ಪರೀಕ್ಷೆ ಇರುವುದು ಮುಂದಿನ ವಾರ. 2013ರಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಡನ್‌ಲಾಸ್ಕಿ ಮತ್ತು ಸಂಗಡಿಗರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ತನ್ನನ್ನೇ ಪರೀಕ್ಷಿಸಿಕೊಳ್ಳುವುದು, ಬಿಟ್ಟು ಬಿಟ್ಟು ಓದುವುದು ಇವೆರಡು ಮೇಲೆ ನಿಂತವು. ಮತ್ತೆ ಓದುವುದು, ಗೆರೆ ಎಳೆಯುವುದು ಕೆಳಗೆ ಬಿದ್ದವು. ಮಾರ್ಕರ್ ಮಾರುವವರಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ.

ಇದನ್ನು ಮಾಡುವುದು ಹೇಗೆ ಅಂತ ನಮ್ಮ ಸಬ್ಜೆಕ್ಟ್‌ನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಪ್ರಶ್ನೆ: ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ ಎಂದರೇನು? ಅದರ ವಿಧಗಳನ್ನು ವಿವರಿಸಿ. (ಬೆಲೆ ಬದಲಾದರೆ ಬೇಡಿಕೆ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ ಇದು.) ಒಂದು ಸಲ ನೋಟ್ಸ್ ಓದಿ. ಮುಚ್ಚಿ. ಮೊಬೈಲ್‌ನಲ್ಲಿ ಇಪ್ಪತ್ತೈದು ನಿಮಿಷ ಅಲಾರಂ ಇಟ್ಟು ಮೊಬೈಲನ್ನು ಬೋರಲು ಹಾಕಿ. ಬರೆಯಿರಿ. ವ್ಯಾಖ್ಯೆ ಬರುತ್ತದೆ, ಅರ್ಥಶಾಸ್ತ್ರಜ್ಞ ಮಾರ್ಷಲ್ ಹೆಸರೂ ಬರುತ್ತದೆ. ಐದು ವಿಧದಲ್ಲಿ ಮೂರು ಬರುತ್ತದೆ. ನಾಲ್ಕನೆಯದಕ್ಕೆ ಪೆನ್ನು ನಿಲ್ಲುತ್ತದೆ. ಆಗ ಪುಸ್ತಕ ತೆರೆಯಬೇಡಿ. ಎರಡು ನಿಮಿಷ ತಲೆ ಕೆರೆದುಕೊಳ್ಳಿ. ಆ ಎರಡು ನಿಮಿಷದಲ್ಲೇ ಕಲಿಕೆ ಆಗುವುದು.

ಉದಾಹರಣೆ ನೆನಪಿಲ್ಲದಿದ್ದರೆ ಸ್ವಂತದ್ದು ಕಟ್ಟಿ. ತೆಂಗಿನಕಾಯಿ ಬೆಲೆ 40ರಿಂದ 50 ರೂಪಾಯಿ ಆಯಿತು, ಅಂದರೆ ಶೇ. 25 ಏರಿಕೆ. ಮನೆಯಲ್ಲಿ ತಿಂಗಳಿಗೆ 10 ಕಾಯಿ ತರುತ್ತಿದ್ದವರು 9 ತಂದರು, ಶೇ. 10 ಇಳಿಕೆ. ಹತ್ತನ್ನು ಇಪ್ಪತ್ತೈದರಿಂದ ಭಾಗಿಸಿದರೆ 0.4. ಒಂದಕ್ಕಿಂತ ಕಡಿಮೆ, ಹಾಗಾಗಿ ಸಾಪೇಕ್ಷವಾಗಿ ಅಸ್ಥಿತಿಸ್ಥಾಪಕ ಬೇಡಿಕೆ. ಬೆಲೆ ಏರಿದೆ ಅಂತ ಸಾರಿಗೆ ಕಾಯಿ ಹಾಕದೆ ಇರುತ್ತಾರಾ? ಇಂಥ ಉದಾಹರಣೆ ಒಂದು ಸಲ ನೀವೇ ಕಟ್ಟಿದರೆ ಜನ್ಮಕ್ಕೂ ಮರೆಯುವುದಿಲ್ಲ. ಮೌಲ್ಯಮಾಪನ ಮಾಡುವವರಿಗೂ ಒಂದು ಉಪಕಾರ. ಒಂದರ ಹಿಂದೊಂದು ಕಟ್ಟಿನಲ್ಲಿ ಅದೇ ಗೈಡಿನ ಅದೇ ಸಾಲು ಓದಿ ಓದಿ ಬೇಸತ್ತ ಕಣ್ಣಿಗೆ ಹುಡುಗನೇ ಕಟ್ಟಿದ ಲೆಕ್ಕ ಕಂಡರೆ ಜೀವ ಬರುತ್ತದೆ.

ಈಗ ಪುಸ್ತಕ ತೆರೆಯಿರಿ. ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಅಲ್ಲೇ ಸೇರಿಸಿ. ನಕ್ಷೆ ನೋಡಿಕೊಳ್ಳಿ. ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ. ಪೂರ್ಣ ಸ್ಥಿತಿಸ್ಥಾಪಕ ಬೇಡಿಕೆಗೆ ಮಲಗಿದ ಗೆರೆ, ಪೂರ್ಣ ಅಸ್ಥಿತಿಸ್ಥಾಪಕಕ್ಕೆ ನಿಂತ ಗೆರೆ. ಬಾಯಿಪಾಠ ಹೊಡೆದವರು ಅದಲು ಬದಲು ಮಾಡುವುದು ಇಲ್ಲೇ. ಕೆಂಪಿನಲ್ಲಿ ಬರೆದದ್ದಷ್ಟೇ ನಾಳೆಯ ಓದು. ಕಪ್ಪು ಪೆನ್ನಿನಲ್ಲಿ ಬಂದದ್ದನ್ನು ಮತ್ತೆ ಓದುತ್ತಾ ಕೂರಬೇಡಿ. ಬರುವುದನ್ನೇ ಮತ್ತೆ ಓದುವುದು ಬಹಳ ಹಿತವಾಗಿರುತ್ತದೆ, ಅದೇ ಅಪಾಯ.

ಬರೆಯುವ ದಾರಿಗೆ ಒಂದು ದೋಷ ಇದೆ. ನಿಧಾನ. ಓದಿದರೆ ದಿನಕ್ಕೆ ಒಂದು ಘಟಕ ಮುಗಿಯುತ್ತದೆ, ಬರೆದರೆ ನಾಲ್ಕೋ ಐದೋ ಪ್ರಶ್ನೆ. ಕೈ ನೋಯುತ್ತದೆ. ಮನಸ್ಸಿಗೆ ಬೇಜಾರೂ ಆಗುತ್ತದೆ, ಏಕೆಂದರೆ ನಮಗೆ ಏನು ಬರುವುದಿಲ್ಲ ಅನ್ನುವುದು ಕಣ್ಣಿಗೆ ರಾಚುತ್ತದೆ. ಎಲ್ಲವನ್ನೂ ಪೂರ್ತಿ ಬರೆಯಲು ಆಗದಿದ್ದರೆ ಬರಿ ತಲೆಬರಹ, ಸೂತ್ರ, ನಕ್ಷೆ ಇಷ್ಟನ್ನು ನೋಡದೆ ಬರೆಯಿರಿ. ವಾರಕ್ಕೊಂದು ಸಲವಾದರೂ ಪೂರ್ತಿ ಉತ್ತರ. ಮೂರು ಗಂಟೆಗೆ 100 ಅಂಕ ಅಂದರೆ 20 ಅಂಕದ ಒಂದು ಪ್ರಶ್ನೆಗೆ 36 ನಿಮಿಷ. ಆ 36 ನಿಮಿಷ ಎಷ್ಟು ಉದ್ದ ಅನ್ನುವುದು ಕೈಗೆ ಗೊತ್ತಿರಬೇಕು.

ದಿನಾ ಸ್ವಲ್ಪವಾ, ಕೊನೆಯ ರಾತ್ರಿಯಾ

ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತ ನಮ್ಮನ್ನೆಲ್ಲ ಬೈದವರೇ ಜಾಸ್ತಿ. ಆದರೂ ಕೊನೆಯ ರಾತ್ರಿ ಓದಿ ಪಾಸಾದವರನ್ನು ನಾನು ನೋಡಿದ್ದೇನೆ, ನೀವೂ ನೋಡಿದ್ದೀರಿ. ಮೇಲಿನ ಪ್ರಯೋಗದಲ್ಲೇ ಅದಕ್ಕೆ ಕಾರಣ ಸಿಗುತ್ತದೆ. ಓದಿದ ಕೂಡಲೇ ಕೇಳಿದರೆ ಬರಿ ಓದೂ ಕೆಲಸ ಮಾಡುತ್ತದೆ. ಹಾಗಾಗಿ ಕಾಲೇಜಿನ ಗೇಟಿನ ಹತ್ತಿರ ನಿಂತು ಕೊನೆಯ ಅರ್ಧ ಗಂಟೆ ಸೂತ್ರ, ಇಸವಿ, ಹೆಸರು ನೋಡಿಕೊಳ್ಳುವುದರಲ್ಲಿ ತಪ್ಪೇನಿಲ್ಲ. ಆ ಅರ್ಧ ಗಂಟೆಗೆ ಹೊಸ ಚಾಪ್ಟರ್ ತೆರೆಯಬೇಡಿ ಅಷ್ಟೆ.

ಆದರೆ ಕೊನೆಯ ರಾತ್ರಿಗೆ ಸಿಗುವುದು ಎರಡು ಅಂಕ, ಐದು ಅಂಕದ ಪ್ರಶ್ನೆಗಳು. "ವಿಮರ್ಶಿಸಿ", "ಹೋಲಿಸಿ" ಅಂತ ಬರುವ ದೊಡ್ಡ ಪ್ರಶ್ನೆಗೆ ಅದು ಸಾಕಾಗುವುದಿಲ್ಲ. ಲೆಕ್ಕದ ಪೇಪರ್‌ಗಂತೂ ಏನೂ ಸಿಗುವುದಿಲ್ಲ. ಒಂದೇ ರಾತ್ರಿಯಲ್ಲಿ ಸೈಕಲ್ ಕಲಿತವರಿದ್ದಾರಾ? ಕನ್ನಡ, ಇಂಗ್ಲಿಷ್ ಭಾಷಾ ಪೇಪರ್ ಬೇಕಾದರೆ ಕೊನೆಗೆ ಇಟ್ಟುಕೊಳ್ಳಿ. ಸಂಖ್ಯಾಶಾಸ್ತ್ರ, ಅಕೌಂಟ್ಸ್, ಗಣಿತ ಇವನ್ನು ದಿನಾ ಒಂದೊಂದು ಲೆಕ್ಕದ ಹಾಗೆ ಮುಂಚಿನಿಂದ ಮಾಡಿ. ಎಲ್ಲವನ್ನೂ ದಿನಾ ಓದುತ್ತೇನೆ ಅಂತ ಟೈಂಟೇಬಲ್ ಬರೆದು ಗೋಡೆಗೆ ಅಂಟಿಸಿದವರು ಮೂರನೇ ದಿನ ಅದರ ಮುಖ ನೋಡುವುದಿಲ್ಲ. ನನ್ನ ಟೈಂಟೇಬಲ್‌ಗೆ ನಾಲ್ಕು ಬಣ್ಣದ ಸ್ಕೆಚ್ ಪೆನ್ ಬಳಸಿದ್ದೆ.

ಬಿಟ್ಟು ಬಿಟ್ಟು ಓದುವುದು ಅಂದರೆ ದೊಡ್ಡ ವಿದ್ಯೆಯಲ್ಲ. ಇವತ್ತು ಮುಚ್ಚಿಟ್ಟು ಬರೆದ ಪ್ರಶ್ನೆಯನ್ನು ನಾಡಿದ್ದು ಒಂದು ಸಲ, ಮುಂದಿನ ವಾರ ಒಂದು ಸಲ ಬರೆಯಬೇಕು. ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆ ಅಂತ ತನ್ನ ಮೇಲೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟ. ಮರೆವು ಮೊದಲ ದಿನವೇ ಜಾಸ್ತಿ, ಆಮೇಲೆ ನಿಧಾನ. ಹಾಗಾಗಿ ಎರಡನೇ ಸಲ ನೋಡುವುದನ್ನು ಬಹಳ ತಡ ಮಾಡಬಾರದು.

ಕೆಲಸ ಮಾಡುತ್ತಾ ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಓದುವವರಿಗೆ ಇಡೀ ದಿನದ ಪ್ಲಾನ್ ಹೇಳಿದರೆ ಅನ್ಯಾಯ. ಅವರಿಗೆ ಬೆಳಿಗ್ಗೆ ಅರ್ಧ ಗಂಟೆ, ಒಂದೇ ಪ್ರಶ್ನೆ. ಬಸ್ಸಿನಲ್ಲಿ ಹೋಗುತ್ತಾ ಅದೇ ಪ್ರಶ್ನೆಯ ತಲೆಬರಹಗಳನ್ನು ಬಾಯಲ್ಲಿ ಹೇಳಿಕೊಳ್ಳುವುದು. ಪಕ್ಕದವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ.

ಒಬ್ಬರೇನಾ, ಕಂಬೈಂಡ್ ಸ್ಟಡಿನಾ

ನಮ್ಮ ಹಾಸ್ಟೆಲ್‌ನಲ್ಲಿ ಆರು ಜನ ಸೇರಿ ಕಂಬೈಂಡ್ ಸ್ಟಡಿ ಮಾಡುತ್ತಿದ್ದೆವು. ಒಬ್ಬ ಓದಿಕೊಂಡು ಬಂದು ಉಳಿದ ಐವರಿಗೆ ಹೇಳುವುದು, ನಾವು ಮಲಗಿಕೊಂಡು ಕೇಳುವುದು. ಹನ್ನೊಂದಕ್ಕೆ ಚಹಾ. ಒಂದು ಗಂಟೆಗೆ ಮತ್ತೆ ಚಹಾ. ಆ ಸೆಮಿಸ್ಟರ್‌ನಲ್ಲಿ ಒಳ್ಳೆಯ ಅಂಕ ತೆಗೆದವನು ಒಬ್ಬನೇ, ಯಾರು ಅಂತ ಹೇಳಬೇಕಾಗಿಲ್ಲ. ಹೇಳಿಕೊಡುವವನು ಪ್ರತಿ ರಾತ್ರಿ ಪುಸ್ತಕ ಮುಚ್ಚಿ ಪರೀಕ್ಷೆ ಬರೆಯುತ್ತಿದ್ದ, ಬಾಯಲ್ಲಿ. ನಾವು ಕಥೆ ಕೇಳುತ್ತಿದ್ದೆವು.

ಗುಂಪು ಬೇಕೇ ಬೇಕು ಅಂದರೆ ಮೂವರಿಗಿಂತ ಜಾಸ್ತಿ ಬೇಡ. ಎಲ್ಲರೂ ಓದಿಕೊಂಡೇ ಬರಬೇಕು. ಒಬ್ಬರು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ಇನ್ನೊಬ್ಬರು ಉತ್ತರ ಹೇಳುವುದು, ಸರದಿ ಬದಲಾಯಿಸುವುದು. ಇದು ಒಂದು ಗಂಟೆ ನಡೆದರೆ ಒಬ್ಬರೇ ಮೂರು ಗಂಟೆ ಕೂತದ್ದಕ್ಕಿಂತ ಮೇಲು ಅಂತ ನನ್ನ ಅನುಭವ. ಹೊಸದಾಗಿ ಏನಾದರೂ ಓದಬೇಕಾದರೆ ಮಾತ್ರ ಒಬ್ಬರೇ ಕೂರಿ.

ಕನ್ನಡದಲ್ಲಿ ಬರೆಯುವುದಾ, ಇಂಗ್ಲಿಷ್‌ನಲ್ಲಾ

ಬಿ.ಎ., ಬಿ.ಕಾಂ. ಹುಡುಗರು ಮೊದಲ ಸೆಮಿಸ್ಟರ್‌ನಲ್ಲಿ ಬಂದು ಕೇಳುವ ಪ್ರಶ್ನೆ ಇದು. ಹತ್ತನೇ ಕ್ಲಾಸ್ ತನಕ ಕನ್ನಡ ಮಾಧ್ಯಮ. ಈಗ ಇಂಗ್ಲಿಷ್‌ನಲ್ಲಿ ಬರೆದರೆ ಅಂಕ ಜಾಸ್ತಿ ಕೊಡುತ್ತಾರಂತೆ, ಹೌದಾ ಸರ್? ನಾನು ತಿದ್ದುವಾಗ ನೋಡುವುದು ಪಾಯಿಂಟ್ ಇದೆಯಾ ಅನ್ನುವುದು. ಅರ್ಧ ಬೆಂದ ಇಂಗ್ಲಿಷ್‌ನಲ್ಲಿ ಬರೆದ ಉತ್ತರದಲ್ಲಿ ವ್ಯಾಖ್ಯೆ ಚೆನ್ನಾಗಿರುತ್ತದೆ, ಅದು ಬಾಯಿಪಾಠ. ವಿವರಣೆ ಎರಡು ಸಾಲಿಗೆ ನಿಂತುಹೋಗುತ್ತದೆ. ಅದೇ ಹುಡುಗಿಗೆ ಕನ್ನಡದಲ್ಲಿ ಬರಿ ಅಂದರೆ ಎರಡು ಪುಟ ಬರೆಯುತ್ತಾಳೆ, ಜಗಳವಾಡುವಷ್ಟು ವಾದ ಇರುತ್ತದೆ ಅದರಲ್ಲಿ.

ಕನ್ನಡದ ಕಷ್ಟವನ್ನೂ ಮುಚ್ಚಿಡಬಾರದು. ಒಳ್ಳೆಯ ಪುಸ್ತಕಗಳು ಕಡಿಮೆ. ಯುಟಿಲಿಟಿ ಅನ್ನುವ ಒಂದೇ ಪದಕ್ಕೆ ಒಂದು ಪುಸ್ತಕದಲ್ಲಿ "ತುಷ್ಟಿಗುಣ", ಇನ್ನೊಂದರಲ್ಲಿ "ಉಪಯುಕ್ತತೆ". ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಲವೊಮ್ಮೆ ಒಗಟಿನ ಹಾಗಿರುತ್ತದೆ. ಆಗ ಕೆಳಗೆ ಅಥವಾ ಪಕ್ಕದಲ್ಲಿರುವ ಇಂಗ್ಲಿಷ್ ಪ್ರಶ್ನೆಯನ್ನೂ ಓದಿ. ಪಾರಿಭಾಷಿಕ ಪದವನ್ನು ಕನ್ನಡದಲ್ಲಿ ಬರೆದು ಮೊದಲ ಸಲ ಮಾತ್ರ ಪಕ್ಕದಲ್ಲಿ ಇಂಗ್ಲಿಷ್ ಪದ ಹಾಕಿದರೆ ತಿದ್ದುವವರಿಗೆ ಅನುಮಾನವೇ ಉಳಿಯುವುದಿಲ್ಲ.

ಮುಂದೆ ಎಂ.ಬಿ.ಎ., ಸಿ.ಎ. ಅಥವಾ ಹೊರರಾಜ್ಯದಲ್ಲಿ ಓದುವ ಯೋಚನೆ ಇದ್ದರೆ ಇಂಗ್ಲಿಷ್‌ಗೆ ಈಗಲೇ ಬನ್ನಿ, ಮೊದಲ ಸೆಮಿಸ್ಟರ್‌ನಿಂದಲೇ. ಐದನೇ ಸೆಮಿಸ್ಟರ್‌ನಲ್ಲಿ ಭಾಷೆ ಬದಲಾಯಿಸುವುದು ಹೊಳೆ ಮಧ್ಯದಲ್ಲಿ ದೋಣಿ ಬದಲಾಯಿಸಿದ ಹಾಗೆ. ಕೆಎಎಸ್ ಮನಸ್ಸಿನಲ್ಲಿದ್ದರೆ ಕನ್ನಡದಲ್ಲೇ ಇರಿ, ಅಲ್ಲೂ ಕನ್ನಡದಲ್ಲಿ ಬರೆಯಬಹುದು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯಲು ಅವಕಾಶ ಇದೆ.

ಬೆಳಗಿನ ಜಾವ, ರಾತ್ರಿ, ಮನೆ, ಲೈಬ್ರರಿ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ಗಂಟೆಗೆ ಎದ್ದು ಓದಿದರೆ ತಲೆಗೆ ಹತ್ತುತ್ತದೆ ಅಂತ ಎಲ್ಲ ಅಮ್ಮಂದಿರೂ ಹೇಳುತ್ತಾರೆ. ಹನ್ನೆರಡಕ್ಕೆ ಮಲಗಿದವರು ನಾಲ್ಕಕ್ಕೆ ಎದ್ದರೆ ತಲೆಗೆ ಹತ್ತುವುದು ನಿದ್ದೆ. ಪರೀಕ್ಷೆ ಬೆಳಿಗ್ಗೆ ಇದ್ದರೆ ಕೊನೆಯ ವಾರ ಬೆಳಿಗ್ಗೆ ಬರೆದು ಅಭ್ಯಾಸ ಮಾಡಿ, ಮಧ್ಯಾಹ್ನ ಇದ್ದರೆ ಮಧ್ಯಾಹ್ನ. ಊಟ ಮಾಡಿದ ಮೇಲೆ ಕೈ ಹೇಗೆ ಓಡುತ್ತದೆ ಅನ್ನುವುದೂ ಗೊತ್ತಾಗಬೇಕಲ್ಲ.

ಮನೆಯಲ್ಲಿ ಕುಕ್ಕರ್ ಸೀಟಿ, ಟೀವಿ, ನೆಂಟರು. ಊರಿನ ಗ್ರಾಮ ಪಂಚಾಯಿತಿ ಲೈಬ್ರರಿ, ಈಗ ಅರಿವು ಕೇಂದ್ರ ಅನ್ನುತ್ತಾರೆ, ಒಮ್ಮೆ ಹೋಗಿ ನೋಡಿ. ಎಷ್ಟೋ ಕಡೆ ಸಂಜೆ ಹೊತ್ತು ಪೇಪರ್ ಓದುವ ಇಬ್ಬರು ಹಿರಿಯರನ್ನು ಬಿಟ್ಟರೆ ಜಾಗವೆಲ್ಲ ಖಾಲಿ.

ರಿಸಲ್ಟ್ ಬಂದ ಮೇಲೆ

ಫೇಲಾದರೆ ಮುಂದೆ ಎರಡು ದಾರಿ. ಮರುಮೌಲ್ಯಮಾಪನಕ್ಕೆ ಹಾಕುವುದು, ಇಲ್ಲವೇ ಮತ್ತೆ ಬರೆಯುವುದು. ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಮುಂಚೆ ಉತ್ತರ ಪತ್ರಿಕೆಯ ನಕಲು ಪಡೆಯಬಹುದು. ಮೊದಲು ಅದನ್ನು ತೆಗೆದುಕೊಳ್ಳಿ. ಎರಡು ಅಂಕ, ನಾಲ್ಕು ಅಂಕ ಕಡಿಮೆ ಇದ್ದು, ಬರೆದ ಉತ್ತರಕ್ಕೆ ಅಂಕವೇ ಹಾಕದೆ ಬಿಟ್ಟಿದ್ದರೆ ಮರುಮೌಲ್ಯಮಾಪನಕ್ಕೆ ಹಾಕಿ. ಹದಿನೈದು ಅಂಕ ಕಡಿಮೆ ಇದ್ದರೆ ಆ ದುಡ್ಡು ಉಳಿಸಿ ಮುಂದಿನ ಪರೀಕ್ಷೆಗೆ ಕಟ್ಟಿ. ಎರಡಕ್ಕೂ ಕೊನೆಯ ದಿನಾಂಕ ಬೇಗ ಬರುತ್ತದೆ, ಮರುಮೌಲ್ಯಮಾಪನದ ಫಲಿತಾಂಶ ಕಾಯುತ್ತಾ ಮರುಪರೀಕ್ಷೆಯ ಅರ್ಜಿ ತಪ್ಪಿಸಿಕೊಂಡವರು ಪ್ರತಿ ವರ್ಷ ಸಿಗುತ್ತಾರೆ.

ನಾನು ನನ್ನ ಸಂಖ್ಯಾಶಾಸ್ತ್ರದ ಪೇಪರ್ ನಕಲು ತರಿಸಿದ್ದೆ. ತಿದ್ದಿದವರು ಕಣ್ಣು ಮುಚ್ಚಿಕೊಂಡು ತಿದ್ದಿದ್ದಾರೆ ಅಂತ ಹಾಸ್ಟೆಲ್ ತುಂಬ ಹೇಳಿಕೊಂಡು ತಿರುಗಿದ್ದೆ. ಲಕೋಟೆ ಬಂದಾಗ ರೂಮಿನವರೆಲ್ಲ ಸುತ್ತ ಕೂತರು. ಒಂದೊಂದೇ ಪುಟ ತಿರುಗಿಸಿದೆವು. ಸಹಸಂಬಂಧ ಗುಣಾಂಕದ ಟೇಬಲ್ ಬಂತು. ನಾಲ್ಕು ಕಾಲಂ ತುಂಬಿತ್ತು, ಐದನೆಯದು ಖಾಲಿ. ಕೆಳಗೆ ನನ್ನದೇ ದುಂಡು ಅಕ್ಷರದಲ್ಲಿ "ಮುಂದಿನ ಪುಟ ನೋಡಿ" ಅಂತ ಬರೆದು ಎರಡು ಗೆರೆ ಎಳೆದಿದ್ದೆ. ಮುಂದಿನ ಪುಟದಲ್ಲಿ ಏನೂ ಇರಲಿಲ್ಲ.